ಹೈಬ್ರಿಡ್ ಗಾಡಿ, ಕಲಬುರಗಿ ಬಿಸಿಲು

ಎಲ್ಲರಿಗೂ ಶರಣಾರ್ಥಿ.

ಗಾಡಿ ಯಾವುದೇ ಇರಲಿ, ನಮ್ಮ ಕಡೆ ಮೊದಲು ಬರುವ ಪ್ರಶ್ನೆ ಒಂದೇ: ‘ಎವರೇಜ್ ಎಷ್ಟ್ ಕೊಡ್ತದ್ರಿ?’ ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಹೈಬ್ರಿಡ್ ಗಾಡಿ ಬಗ್ಗೆ ಯಾರಾದರೂ ಹೀಗೆ ಕೇಳಿದರೆ ‘ಎಲ್ಲಿ ಓಡಿಸ್ತೀರಿ?’ ಎಂದು ತಿರುಗಿ ಕೇಳಬೇಕು. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್, ಸ್ಟೇಷನ್ ಅಂತ ನಿಂತು ನಿಂತು ಹೋಗುವವರಿಗೆ ಒಂದು ಉತ್ತರ, ಹುಮನಾಬಾದ್ ದಾಟಿ ಹೈದರಾಬಾದಿಗೆ ನೂರರ ಮೇಲೆ ಎಳೆಯುವವರಿಗೆ ಇನ್ನೊಂದು. ಮಾಮೂಲಿ ಗಾಡಿ ಬ್ರೇಕ್ ಒತ್ತಿದಾಗಲೆಲ್ಲ ಪೆಟ್ರೋಲಿನ ದುಡ್ಡನ್ನು ಶಾಖ ಮಾಡಿ ಗಾಳಿಗೆ ಬಿಡುತ್ತದೆ. ಹೈಬ್ರಿಡ್ ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಾಕಿಕೊಂಡು, ಸಿಗ್ನಲ್ ಬಿಟ್ಟ ಕೂಡಲೇ ಅದೇ ಕರೆಂಟಿನಲ್ಲಿ ಮುಂದೆ ಹೋಗುತ್ತದೆ. ಬ್ರೇಕೇ ಇಲ್ಲದ ಹೈವೇಯಲ್ಲಿ ಈ ಲಾಭ ಸಣ್ಣದು.

ಒಂದು ಎಚ್ಚರಿಕೆ. ಡಿಕ್ಕಿಯ ಮೇಲೆ ‘ಹೈಬ್ರಿಡ್’ ಅಂತ ಬರೆದಿದ್ದೆಲ್ಲ ಹೈಬ್ರಿಡ್ ಅಲ್ಲ. ಮೈಲ್ಡ್ ಹೈಬ್ರಿಡ್ ಎಂಬ ಜಾತಿಯೊಂದಿದೆ. ಅದರ ಪುಟ್ಟ ಮೋಟರ್ ಎಂಜಿನ್‌ಗೆ ಒಂದು ಕೈ ಹಚ್ಚುತ್ತದೆಯೇ ಹೊರತು ಒಂಟಿಯಾಗಿ ಗಾಡಿ ಎಳೆಯಲಾರದು. ಶೋರೂಮಿನಲ್ಲಿ ಒಂದೇ ಪ್ರಶ್ನೆ ಸಾಕು: ‘ಎಂಜಿನ್ ಬಂದ್ ಇದ್ದಾಗ ಗಾಡಿ ಹೋಗ್ತದೇನ್ರಿ?’ ನಾನು ಇವತ್ತು ಮಾತಾಡುವುದು ಹೋಗುವ ಗಾಡಿಗಳ ಬಗ್ಗೆ. ಟೊಯೋಟಾದ ಇನ್ನೋವಾ ಹೈಕ್ರಾಸ್, ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್, ಹೋಂಡಾ ಸಿಟಿಯ ಹೈಬ್ರಿಡ್, ಈ ಸಾಲು.

ಇವೆಲ್ಲ ಆಟೋಮ್ಯಾಟಿಕ್ಕೇ. ಆದರೆ ಒಳಗೆ ನೋಡಿದರೆ ನಾವು ಬಲ್ಲ ಗೇರ್‌ಬಾಕ್ಸ್ ಅಲ್ಲಿಲ್ಲ. ಹೈರೈಡರ್ ತರಹದ ಗಾಡಿಯಲ್ಲಿರುವುದು ಒಂದು ಪ್ಲಾನೆಟರಿ ಗೇರ್ ಸೆಟ್: ನಡುವೆ ಒಂದು ಹಲ್ಲಿನ ಚಕ್ರ, ಅದರ ಸುತ್ತ ಸಣ್ಣ ಚಕ್ರಗಳು, ಎಲ್ಲವನ್ನೂ ಬಳಸಿಕೊಂಡು ಬಳೆಯಂಥ ಹೊರಚಕ್ರ. ನಡುವಿನದಕ್ಕೆ ಸಣ್ಣ ಮೋಟರ್, ಸಣ್ಣ ಚಕ್ರಗಳನ್ನು ಹೊತ್ತ ಚೌಕಟ್ಟಿಗೆ ಎಂಜಿನ್, ಬಳೆಯ ಕಡೆಗೆ ದೊಡ್ಡ ಮೋಟರ್ ಮತ್ತು ಗಾಡಿಯ ಚಕ್ರ. ಸಣ್ಣ ಮೋಟರ್ ಎಷ್ಟು ತಿರುಗುತ್ತದೆ ಎಂಬುದರ ಮೇಲೆ ಗೇರ್ ಅನುಪಾತ ಬದಲಾಗುತ್ತದೆ. ಕ್ಲಚ್ ಪ್ಲೇಟ್ ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ, ಸೆಲ್ಫ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ರಿವರ್ಸ್ ಗೇರ್ ಕೂಡ ಇಲ್ಲ, ದೊಡ್ಡ ಮೋಟರ್ ಉಲ್ಟಾ ತಿರುಗಿದರೆ ಅದೇ ರಿವರ್ಸ್. ಇದಕ್ಕೆ ಇ-ಸಿವಿಟಿ ಎಂದು ಹೆಸರಿಟ್ಟು ಕಂಪನಿಗಳು ತಮಗೆ ತಾವೇ ತೊಂದರೆ ಮಾಡಿಕೊಂಡಿವೆ. ಮಾಮೂಲಿ ಸಿವಿಟಿ ಅಂದರೆ ಬೆಲ್ಟ್ ಮೇಲೆ ಓಡುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಅದರ ಬೆಲ್ಟ್ ಜಾರುತ್ತದೆ, ಹರಿಯುತ್ತದೆ ಎಂಬ ಹೆದರಿಕೆ ಜನಕ್ಕಿದೆ. ಇಲ್ಲಿ ಬೆಲ್ಟೇ ಇಲ್ಲ. ಹೋಂಡಾದ ದಾರಿ ಬೇರೆ: ಬಹುತೇಕ ಮೋಟರೇ ಎಳೆಯುತ್ತದೆ, ಎಂಜಿನ್ ಕರೆಂಟ್ ಮಾಡಿಕೊಡುತ್ತದೆ, ಹೈವೇ ವೇಗದಲ್ಲಿ ಮಾತ್ರ ಒಂದು ಕ್ಲಚ್ ಎಂಜಿನ್ನನ್ನು ನೇರ ಚಕ್ರಕ್ಕೆ ಕೂಡಿಸುತ್ತದೆ.

ಓವರ್‌ಟೇಕ್ ಮಾಡಲು ಕಾಲು ಪೂರ್ತಿ ಒತ್ತಿದರೆ ಎಂಜಿನ್ ಒಂದೇ ಸಮನೆ ಕೂಗುತ್ತದೆ, ವೇಗ ನಿಧಾನಕ್ಕೆ ಏರುತ್ತದೆ. ‘ಗೇರ್ ಬೀಳವಲ್ದು’ ಅಂತ ಗಾಬರಿಯಾಗಬೇಡಿ, ಬೀಳಲು ಗೇರ್ ಇಲ್ಲ. ಹೈರೈಡರ್‌ನಲ್ಲಿ ಎಂಜಿನ್ 92 ಪಿಎಸ್ (ಹಾರ್ಸ್‌ಪವರ್ ತರಹದ ಅಳತೆ), ಮೋಟರ್ 80 ಪಿಎಸ್, ಆದರೂ ಕೂಡಿ ಬರುವುದು 116 ಮಾತ್ರ. ಬ್ಯಾಟರಿ ಒಂದೇಟಿಗೆ ಕೊಡಬಲ್ಲ ಕರೆಂಟಿಗೆ ಮಿತಿ ಇದೆ, ಅದಕ್ಕೇ ಎರಡನ್ನೂ ಕೂಡಿಸಿ ಲೆಕ್ಕ ಹಾಕುವಂತಿಲ್ಲ.

ಆ ಬ್ಯಾಟರಿ ಎಷ್ಟು ದೊಡ್ಡದು? ಜೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಆ ಯೂನಿಟ್ ಲೆಕ್ಕದಲ್ಲಿ 0.76, ಅಂದರೆ ಮುಕ್ಕಾಲು ಯೂನಿಟ್. ಅದರಲ್ಲೂ ಕಂಪ್ಯೂಟರ್ ಪೂರ್ತಿ ತುಂಬಿಸುವುದಿಲ್ಲ, ಪೂರ್ತಿ ಖಾಲಿ ಮಾಡುವುದೂ ಇಲ್ಲ. ಬರೀ ಕರೆಂಟಿನಲ್ಲಿ ಎರಡು-ಮೂರು ಕಿಲೋಮೀಟರ್ ಹೋದರೆ ದೊಡ್ಡದು. ಬೀದರ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಸುಮಾರು 450. ನಾಲ್ಕು ಜನ ಕೂತ 1500 ಕಿಲೋ ತೂಕದ ಗಾಡಿ ಈ 210 ಮೀಟರ್ ಇಳಿದರೆ ಬಿಡುವ ಶಕ್ತಿ ಸುಮಾರು 0.86 ಯೂನಿಟ್, ಬ್ಯಾಟರಿ ತುಂಬಿ ಮಿಗುವಷ್ಟು. ಹಾಗಾದರೆ ಬೀದರದಿಂದ ಪುಕ್ಕಟೆ ಬರಬಹುದೇ? ಇಲ್ಲ. ಆ ಇಳಿತ ನೂರಕ್ಕೂ ಹೆಚ್ಚು ಕಿಲೋಮೀಟರಿಗೆ ಹರಡಿದೆ, ಅಷ್ಟು ದೂರಕ್ಕೆ ಟೈರು ಉರುಳುವುದಕ್ಕೇ ನಾಲ್ಕು ಯೂನಿಟ್‌ಗಿಂತ ಹೆಚ್ಚು ಬೇಕು. ಕಡಿದಾದ ಇಳಿಜಾರು ಸಿಕ್ಕಲ್ಲಿ ಮಾತ್ರ ಬ್ಯಾಟರಿ ತುಂಬುತ್ತದೆ. ತುಂಬಿದ ಮೇಲೂ ಇಳಿಜಾರು ಮುಗಿಯದಿದ್ದರೆ ಎಂಜಿನ್ ಪೆಟ್ರೋಲಿಲ್ಲದೆ ಗರ್ ಎಂದು ತಿರುಗಿ ಗಾಡಿಯನ್ನು ಹಿಡಿಯುತ್ತದೆ. ಅದು ಕೆಟ್ಟ ಸದ್ದಲ್ಲ. ಗೇರ್ ಸೆಲೆಕ್ಟರ್‌ನ ‘ಬಿ’ ಸ್ಥಾನ ಇರುವುದು ಇಂಥ ಉದ್ದ ಘಾಟಿಗೆ. ಅದನ್ನು ‘ಬ್ಯಾಟರಿ ಮೋಡ್’ ಅಂದುಕೊಂಡು ಊರೊಳಗೆ ಹಾಕಿಕೊಂಡು ತಿರುಗುವವರು ತಮ್ಮ ಎವರೇಜ್ ತಾವೇ ಕಳೆದುಕೊಳ್ಳುತ್ತಾರೆ.

ಓಡಿಸುವ ಕಲೆ ಇರುವುದು ಬ್ರೇಕಿನಲ್ಲಿ. ಮುಂದೆ ಕೆಂಪು ದೀಪ ಕಂಡ ಕೂಡಲೇ ಎಕ್ಸಲೇಟರ್ ಬಿಡಿ, ಬ್ರೇಕನ್ನು ಬೇಗ ಆದರೆ ಮೆತ್ತಗೆ ಒತ್ತಿ. ಮೀಟರಿನ ಮುಳ್ಳು ಚಾರ್ಜ್ ಪಟ್ಟಿಯೊಳಗೇ ಇದ್ದರೆ ಮೋಟರ್ ಹಿಡಿಯುತ್ತಿದೆ ಎಂದರ್ಥ. ಕೊನೇ ಗಳಿಗೆಯಲ್ಲಿ ಗಕ್ಕನೆ ಒತ್ತಿದರೆ ಪ್ಯಾಡ್ ಹಿಡಿಯುತ್ತದೆ, ಶಕ್ತಿ ಹೋಯಿತು. ಕೆಲಸ ಕಡಿಮೆಯಾದ್ದರಿಂದ ಪ್ಯಾಡ್ ಬಹಳ ದಿನ ಬರುತ್ತದೆ, ಆದರೆ ಮಳೆಗಾಲದಲ್ಲಿ ನಿಂತ ಗಾಡಿಯ ಡಿಸ್ಕ್ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದ್ದು ನೋಡಿಕೊಂಡು, ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಅದು ಉಜ್ಜಿ ಹೋಗುತ್ತದೆ.

ಸಿಗ್ನಲ್ಲಿನಲ್ಲಿ ‘ಎನ್’ಗೆ ಹಾಕುವ ಹಳೇ ಚಾಳಿ ಬಿಡಿ. ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ತಿನ್ನುತ್ತಲೇ ಇರುತ್ತದೆ. ‘ಡಿ’ಯಲ್ಲೇ ಬ್ರೇಕ್ ಮೇಲೆ ಕಾಲಿಟ್ಟು ನಿಲ್ಲಿ. ಎಡಗಾಲಿಗೆ ಈ ಗಾಡಿಯಲ್ಲಿ ಕೆಲಸವಿಲ್ಲ, ಬದಿಗಿಟ್ಟುಬಿಡಿ. ಇಳಿಜಾರಿನಲ್ಲಿ ನಿಲ್ಲಿಸುವಾಗ ಕಾಲಿನ ಬ್ರೇಕ್ ಒತ್ತಿಕೊಂಡೇ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ‘ಪಿ’. ಉಲ್ಟಾ ಮಾಡಿದರೆ ಗಾಡಿಯ ಭಾರವೆಲ್ಲ ಪಾರ್ಕಿಂಗ್ ಕೊಕ್ಕೆಯ ಒಂದು ಹಲ್ಲಿನ ಮೇಲೆ ಬೀಳುತ್ತದೆ, ಮರುದಿನ ‘ಪಿ’ ಬಿಡಿಸುವಾಗ ಟಕ್ ಎಂದು ಏಟು ಕೇಳಿಸುತ್ತದೆ.

ಇಳಿಯುವ ಮೊದಲು, ಗಾಡಿ ಹೊರಡಲು ಸಿದ್ಧ ಎಂದು ಮೀಟರಿನಲ್ಲಿ ತೋರಿಸುವ ‘ರೆಡಿ’ ದೀಪ ಆರಿದೆಯೇ ನೋಡಿ. ಸದ್ದಿಲ್ಲದ ಗಾಡಿ ಬಂದ್ ಇದೆ ಎಂದುಕೊಂಡು ಇಳಿದು ಹೋಗುವುದು ಸುಲಭ. ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಶುರುವಾಗುತ್ತದೆ. ಶಟರ್ ಎಳೆದ ಗ್ಯಾರೇಜಿನಲ್ಲಿ ಹೀಗಾದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ. ಎಸಿ ಹಾಕಿ ಮಕ್ಕಳನ್ನು ಒಳಗೆ ಮಲಗಿಸುವುದೂ ಬೇಡ.

ಈಗ ನಮ್ಮೂರಿನ ವಿಷಯ, ಬಿಸಿಲು ಮತ್ತು ಧೂಳು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹೈಬ್ರಿಡ್ ಬ್ಯಾಟರಿಗೆ ತಂಪು ಸಿಗುವುದು ಸಾಮಾನ್ಯವಾಗಿ ನೀವು ಕೂತ ಜಾಗದ ಗಾಳಿಯಿಂದಲೇ. ಬಹಳ ಗಾಡಿಗಳಲ್ಲಿ ಹಿಂದಿನ ಸೀಟಿನ ಪಕ್ಕ ಅಥವಾ ಕೆಳಗೆ ಒಂದು ಜಾಳಿಗೆ ಇರುತ್ತದೆ, ಒಳಗಿನ ಫ್ಯಾನ್ ಅಲ್ಲಿಂದ ಗಾಳಿ ಎಳೆಯುತ್ತದೆ. ಅದರ ಮೇಲೆ ಚಾದರ, ಜೋಳದ ಚೀಲ, ತಂಗಿಯ ಮದುವೆಯ ಸೀರೆ ಗಂಟು ಯಾವುದೂ ಬೇಡ. ಬಿಸಿಲಲ್ಲಿ ನಿಂತ ಗಾಡಿ ಹತ್ತಿದಾಗ ಮೊದಲು ನಾಲ್ಕೂ ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಹೋಗಲಿ, ನಂತರ ಎಸಿ. ಬ್ಯಾಟರಿ ಬಿಸಿಯಾದರೆ ಕಂಪ್ಯೂಟರ್ ಅದರ ಕೆಲಸ ಕಡಿಮೆ ಮಾಡುತ್ತದೆ, ಎಂಜಿನ್ ಹೆಚ್ಚು ಓಡುತ್ತದೆ, ಎವರೇಜ್ ಬೀಳುತ್ತದೆ.

ಜಾಳಿಗೆಯ ಹಿಂದೆ ತೆಳು ಫಿಲ್ಟರ್ ಇರುತ್ತದೆ. ನಮ್ಮಲ್ಲಿ ತೊಗರಿ ರಾಶಿಯ ಹೊಟ್ಟು, ಶಹಾಬಾದ್ ಕಡೆಯ ಕಲ್ಲಿನ ಪುಡಿ, ಸೇಡಂ ರಸ್ತೆಯ ಸಿಮೆಂಟ್ ಲಾರಿಗಳ ಧೂಳು ಎಲ್ಲವೂ ಅಲ್ಲಿ ಕಂಬಳಿಯಂತೆ ಕೂಡುತ್ತದೆ. ಗಾಡಿ ಪೂರ್ತಿ ಬಂದ್ ಮಾಡಿ, ಜಾಳಿಗೆಯ ಅಂಚನ್ನು ಬೆರಳಿನಿಂದ ಎಳೆದರೆ ಕ್ಲಿಪ್ ಬಿಡುತ್ತದೆ. ಫಿಲ್ಟರ್ ತೆಗೆದು ಮೊದಲು ವ್ಯಾಕ್ಯೂಮ್ ಹಾಕಿ. ತೊಳೆಯಬಹುದು ಎಂದು ಮ್ಯಾನುಯಲ್ ಹೇಳಿದ್ದರೆ ಮಾತ್ರ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಿ. ಹಸಿ ಫಿಲ್ಟರ್ ಬೇಡವೇ ಬೇಡ, ಆ ಗಾಳಿ ಹೋಗುವುದು ಬ್ಯಾಟರಿಯ ಮೇಲೆ. ಒಳಗೆ ಏರ್‌ಗನ್ ಇಟ್ಟು ಊದಿದರೆ ಧೂಳು ಸೆಲ್‌ಗಳತ್ತ ಹೋಗುತ್ತದೆ. ಕಿತ್ತಳೆ ಬಣ್ಣದ ದಪ್ಪ ವೈರು ಎಲ್ಲೇ ಕಂಡರೂ ಮುಟ್ಟಬೇಡಿ, ಅದು ಹೈವೋಲ್ಟೇಜ್. ರಾಶಿ ಮುಗಿದ ಮೇಲೊಮ್ಮೆ, ಬೇಸಿಗೆಗೆ ಮುಂಚೆ ಒಮ್ಮೆ ಈ ಕೆಲಸ ಮಾಡಿದರೆ ನಡೆಯುತ್ತದೆ.

ಹೈಬ್ರಿಡ್ ರಸ್ತೆಯಲ್ಲಿ ಕೈಕೊಡುವುದು ಹೆಚ್ಚಾಗಿ ದೊಡ್ಡ ಬ್ಯಾಟರಿಯಿಂದಲ್ಲ, ಸಣ್ಣ 12 ವೋಲ್ಟ್ ಬ್ಯಾಟರಿಯಿಂದ. ಕಂಪ್ಯೂಟರ್ ಎಬ್ಬಿಸಿ ದೊಡ್ಡ ಬ್ಯಾಟರಿಯ ರಿಲೇ, ಅಂದರೆ ಸ್ವಿಚ್, ಕೂಡಿಸುವುದು ಅದೇ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ‘ರೆಡಿ’ ಬರದು. ತಳ್ಳಿ ಸ್ಟಾರ್ಟ್ ಮಾಡಲೂ ಆಗದು. ಬೆಂಗಳೂರಿಗೆ ಹೋಗಿ ಮೂರು ವಾರ ಗಾಡಿ ನಿಲ್ಲಿಸುವವರು ಮನೆಯಲ್ಲಿದ್ದವರಿಗೆ ಹೇಳಿ ಹೋಗಿ: ವಾರಕ್ಕೊಮ್ಮೆ ಬಯಲಿನಲ್ಲಿ, ‘ಪಿ’ಯಲ್ಲಿ, ಅರ್ಧ ಗಂಟೆ ‘ರೆಡಿ’ ಇರಲಿ. ಬ್ರೇಕ್ ಒತ್ತದೆ ಬಟನ್ ಒತ್ತಿ ಹಾಡು ಕೇಳುತ್ತ ಕೂತರೆ ಇದೇ ಬ್ಯಾಟರಿ ಇಳಿಯುತ್ತದೆ. ಬೇರೆ ಗಾಡಿಯಿಂದ ಜಂಪ್ ತೆಗೆದುಕೊಳ್ಳಬಹುದು, ಮ್ಯಾನುಯಲ್ ತೋರಿಸಿದ ಜಾಗದಲ್ಲೇ ಕೇಬಲ್ ಹಚ್ಚಿ. ಬೇರೆಯವರಿಗೆ ಕೊಡಬೇಡಿ, ಲಾರಿಯ ಸೆಲ್ಫ್ ಎಳೆಯುವ ಕರೆಂಟನ್ನು ಈ ಗಾಡಿ ತಾಳದು.

ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯುವುದೂ ಬೇಡ. ಮುಂದಿನ ಚಕ್ರ ತಿರುಗಿದರೆ ಮೋಟರ್ ತಿರುಗಿ ಕರೆಂಟ್ ಹುಟ್ಟುತ್ತದೆ. ಪೂರ್ತಿ ಎತ್ತಿ ಹೇರುವ ಫ್ಲ್ಯಾಟ್‌ಬೆಡ್ಡೇ ಬೇಕು. ಹಳ್ಳ ತುಂಬಿ ಸೇತುವೆ ಮೇಲೆ ನೀರಿದ್ದರೆ ನಿಲ್ಲಿ. ನೀರಿನ ನಡುವೆ ಎಂಜಿನ್ ನಿಮ್ಮನ್ನು ಕೇಳದೆ ಶುರುವಾಗಿ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸರ್ವಿಸಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಎಣ್ಣೆ 0ಡಬ್ಲ್ಯು-16ರಂಥ ನೀರಿನಷ್ಟು ತೆಳುವಾದದ್ದು. ‘ನಮ್ಮ ಬಿಸಿಲಿಗೆ ದಪ್ಪ ಇರಲಿ’ ಎಂದು ಮಿಸ್ತ್ರಿ ಹೇಳಿದರೆ ಮ್ಯಾನುಯಲ್ ತೋರಿಸಿ. ಬ್ಯಾಟರಿಯ ಕರೆಂಟನ್ನು ಮೋಟರ್‌ಗೆ ಒಗ್ಗಿಸುವ ಇನ್ವರ್ಟರ್‌ಗೆ ಬೇರೆಯದೇ ಕೂಲಂಟ್ ಡಬ್ಬಿ ಇದೆ, ಎಂಜಿನ್ನಿನದು ನೋಡಿ ಇದನ್ನು ಮರೆಯುವುದುಂಟು.

ದುಡ್ಡಿನ ಲೆಕ್ಕ ನೀವೇ ಹಾಕಿ. ಪೆಟ್ರೋಲ್ ಲೀಟರಿಗೆ 100 ಎಂದು ಹಿಡಿಯೋಣ, ಊರೊಳಗೆ ಲೀಟರಿಗೆ ಪೆಟ್ರೋಲ್ ಆಟೋಮ್ಯಾಟಿಕ್ 12 ಕಿ.ಮೀ., ಹೈಬ್ರಿಡ್ 20 ಕೊಡಲಿ. ಹೈರೈಡರ್‌ಗೆ ಕಂಪನಿ ಹೇಳುವ 27.97 ಟೆಸ್ಟಿನ ಅಂಕಿ, ಅದನ್ನು ಬದಿಗಿಡಿ. ತಿಂಗಳಿಗೆ 1000 ಕಿ.ಮೀ. ಓಡಿಸಿದರೆ ಉಳಿಯುವುದು 33 ಲೀಟರ್, ವರ್ಷಕ್ಕೆ 40,000 ರೂಪಾಯಿ. ಗಾಡಿಗೆ 2 ಲಕ್ಷ ಹೆಚ್ಚು ಕೊಟ್ಟಿದ್ದರೆ ಐದು ವರ್ಷಕ್ಕೆ ಸಮ. ತಿಂಗಳಿಗೆ 400 ಕಿ.ಮೀ. ಅಷ್ಟೇ ಓಡಿಸುವವರಿಗೆ ಹನ್ನೆರಡು ವರ್ಷ ದಾಟುತ್ತದೆ. ಅಂಥವರು ದುಡ್ಡಿನ ಸಲುವಾಗಿ ತೆಗೆದುಕೊಳ್ಳಬೇಡಿ ಎಂದೇ ನನ್ನ ಮಾತು.

ಹಳೇ ಹೈಬ್ರಿಡ್ ಕೊಳ್ಳುವವರು ಬ್ಯಾಟರಿಯ ಸ್ಕ್ಯಾನರ್ ವರದಿ ಕೇಳಿ. ಅದರೊಳಗಿನ ಎಲ್ಲ ಬ್ಲಾಕುಗಳ (ಸೆಲ್‌ಗಳ ಗುಂಪುಗಳ) ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರಬೇಕು, ಒಂದು ಮಾತ್ರ ಕೆಳಗಿದ್ದರೆ ಬಿಟ್ಟುಬಿಡಿ. ಟೊಯೋಟಾದ ಹೈಬ್ರಿಡ್ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಎಷ್ಟು ಉಳಿದಿದೆ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿಕೊಳ್ಳಿ. ಆಮೇಲೆ ಆ ಫಿಲ್ಟರ್ ತೆಗೆದು ನೋಡಿ. ಓನರ್ ಗಾಡಿ ಹೇಗೆ ಇಟ್ಟುಕೊಂಡಿದ್ದ ಅಂತ ಅದೇ ಹೇಳುತ್ತದೆ. ಹೊರಗೆ ಬೇವಿನ ಮರದ ಕೆಳಗೆ ಒಂದು ಗಾಡಿ ನಿಲ್ಲಿಸಿದ್ದೇವೆ, ಚಹಾ ಕುಡಿದು ಬನ್ನಿ, ಜಾಳಿಗೆ ಬಿಚ್ಚಿ ತೋರಿಸುತ್ತೇವೆ.