ಮೊದಲ ಬೈಕು ಹಗುರವಾಗಿರಲಿ

ಕೇಳುಗರೇ, ನಮಸ್ಕಾರ.

ಮಗನಿಗೆ ಹದಿನೆಂಟು ತುಂಬಿತು, ಬೈಕು ಬೇಕು ಅಂತಾನೆ. ಮಗಳಿಗೆ ಕೆಲಸ ಸಿಕ್ಕಿತು, ಸ್ಕೂಟರ್ ಬೇಡ, ಗೇರ್ ಬೈಕೇ ಬೇಕು ಅಂತಾಳೆ. ಎಷ್ಟೋ ಮನೆಗಳಲ್ಲಿ ಈ ಮಾತು ನಡೆಯುತ್ತಿರುತ್ತದೆ, ಅಲ್ವಾ? ಆಗ ದೊಡ್ಡವರು ಬೆಲೆ ಕೇಳುತ್ತಾರೆ, ಮೈಲೇಜ್ ಕೇಳುತ್ತಾರೆ. ಓಡಿಸುವವರು ಎಷ್ಟು ಸಿಸಿ ಅಂತ ಕೇಳುತ್ತಾರೆ. ತೂಕ ಎಷ್ಟು ಅಂತ ಕೇಳುವವರು ತೀರಾ ಕಡಿಮೆ. ಇವತ್ತು ನಾನು ಆ ತೂಕದ ಬಗ್ಗೆಯೇ ಮಾತಾಡುತ್ತೇನೆ.

ನಾನು ಬೈಕು ಕಲಿಯಲು ಹೊರಟದ್ದು ನೆಂಟರೊಬ್ಬರ ಭಾರಿ ಗಾಡಿಯಲ್ಲಿ. ಓಡುತ್ತಿದ್ದಾಗ ಏನೂ ಆಗಲಿಲ್ಲ. ವಾಪಸ್ ಬಂದು ಮನೆ ಗೇಟಿನ ಮುಂದೆ ನಿಲ್ಲಿಸಿದೆ. ಬಲಗಾಲು ಊರಿದ ಕಡೆ ನೆಲ ಸ್ವಲ್ಪ ತಗ್ಗಾಗಿತ್ತು, ಮೇಲೆ ಜಲ್ಲಿ ಹರಡಿತ್ತು. ಗಾಡಿ ನಿಧಾನಕ್ಕೆ ವಾಲಿತು. ಹಲ್ಲು ಕಚ್ಚಿ ಹಿಡಿದೆ, ಆಗಲಿಲ್ಲ. ಗಾಡಿ ಕಾಲ ಮೇಲೆ ಬಿತ್ತು, ಕಾದ ಸೈಲೆನ್ಸರ್ ಮೀನಖಂಡಕ್ಕೆ ತಾಗಿತು. ಸುಟ್ಟ ಗಾಯ ತಿಂಗಳಲ್ಲಿ ಮಾಯ್ದಿತು. ಭಯ ಮಾತ್ರ ಎರಡು ವರ್ಷ ಹೋಗಲಿಲ್ಲ. ಆಮೇಲೆ ಗೆಳೆಯನ 100 ಸಿಸಿ ಬೈಕಿನಲ್ಲಿ, ಶಾಲೆ ಮೈದಾನದಲ್ಲಿ, ಮೊದಲಿಂದ ಶುರು ಮಾಡಿದೆ. ಮೂರೇ ಭಾನುವಾರದಲ್ಲಿ ಕಲಿತೆ.

ಓಡುವ ಬೈಕು ಬಹುಮಟ್ಟಿಗೆ ತಾನೇ ನೆಟ್ಟಗೆ ನಿಲ್ಲುತ್ತದೆ. ನಿಂತ ಬೈಕನ್ನು ನಿಮ್ಮ ಕಾಲೇ ಹಿಡಿಯಬೇಕು. ಹೊಸಬರು ಜಾಸ್ತಿ ಬೀಳುವುದು ಸಿಗ್ನಲ್ಲಿನಲ್ಲಿ, ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ, ಯೂ ಟರ್ನ್ ಹೊಡೆಯುವಾಗ. ಸ್ವಲ್ಪ ವಾಲಿದಾಗ ಹಗುರ ಗಾಡಿಯನ್ನು ತೊಡೆಯ ಬಲದಲ್ಲೇ ಎತ್ತಿಬಿಡಬಹುದು. ಭಾರದ ಗಾಡಿ ಒಂದು ಹದ ಮೀರಿತು ಅಂದರೆ ಮುಗಿಯಿತು, ಬಿಟ್ಟುಬಿಡುವುದೇ ವಾಸಿ.

ಲೆಕ್ಕ ನೋಡಿ. ಹೋಂಡಾ ಶೈನ್ 100 ಬೈಕಿನ ತೂಕ 99 ಕೆಜಿ. ಹೀರೋ ಸ್ಪ್ಲೆಂಡರ್ ಪ್ಲಸ್ 112 ಕೆಜಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಅಂದರೆ 195 ಕೆಜಿ. ಸ್ಪ್ಲೆಂಡರ್‌ಗೂ ಅದಕ್ಕೂ 83 ಕೆಜಿ ವ್ಯತ್ಯಾಸ. ಇಪ್ಪತ್ತೈದು ಕೆಜಿಯ ಮೂರು ಅಕ್ಕಿ ಮೂಟೆ, ಮೇಲೆ ಇನ್ನೊಂದಿಷ್ಟು! ಕ್ಲಾಸಿಕ್ ಕೆಟ್ಟ ಗಾಡಿ ಅಲ್ಲ, ನನಗೂ ಅದು ಇಷ್ಟವೇ. ಆದರೆ ಕ್ಲಚ್ ಎಲ್ಲಿ ಹಿಡಿಯುತ್ತದೆ, ಹಾಫ್ ಕ್ಲಚ್ ಅಂದರೇನು ಅಂತ ಕೈ ಇನ್ನೂ ಹುಡುಕುತ್ತಿರುವಾಗ ಅಷ್ಟು ಭಾರವನ್ನೂ ಹೊರುವುದು ಬೇಡ.

ಕೂರುವ ರೀತಿಯೂ ಮುಖ್ಯ. ಬೆನ್ನು ನೆಟ್ಟಗಿರಬೇಕು. ಮೊಣಕೈ ಸ್ವಲ್ಪ ಮಡಿಸಿದಂತೆ, ಸಡಿಲವಾಗಿ ಇರಬೇಕು. ರೇಸ್ ಬೈಕಿನ ಹಾಗೆ ಮುಂದಕ್ಕೆ ಬಾಗಿ ಕೂತರೆ ಮೈಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಕುತ್ತಿಗೆ ತಿರುಗಿಸಿ ಹಿಂದೆ ನೋಡುವುದೂ ಕಷ್ಟ.

ಷೋರೂಮಿಗೆ ಹೋದಾಗ ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಹೋಗಿ. ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಬರೀ ಬೆರಳ ತುದಿ ತಾಗಿದರೆ ಸಾಲದು. ಸ್ಪ್ಲೆಂಡರ್ ಸೀಟಿನ ಎತ್ತರ 785 ಮಿಲಿಮೀಟರ್, ನಮ್ಮಲ್ಲಿ ತುಂಬಾ ಜನರಿಗೆ ಅದು ಸರಿಹೋಗುತ್ತದೆ. ಆಮೇಲೆ ಕೆಳಗಿಳಿದು, ಹ್ಯಾಂಡಲ್ ಹಿಡಿದು, ಗಾಡಿಯನ್ನು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಸೆಂಟರ್ ಸ್ಟ್ಯಾಂಡ್ ಹಾಕಿ, ತೆಗೆಯಿರಿ. ಏದುಸಿರು ಬಂತಾ? ಹಾಗಾದರೆ ಆ ಗಾಡಿ ಸದ್ಯಕ್ಕೆ ಬೇಡ.

ಬ್ರೇಕ್ ಬಗ್ಗೆ ಒಂದು ಮಾತು. 2019ರಲ್ಲಿ ಬಂದ ನಿಯಮದಂತೆ 125 ಸಿಸಿವರೆಗಿನ ಹೊಸ ಬೈಕುಗಳಲ್ಲಿ ಕಾಂಬಿ ಬ್ರೇಕ್ ಆದರೂ ಇರಲೇಬೇಕು. ಕಾಲಿನ ಬ್ರೇಕ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. 125 ದಾಟಿದರೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ ತಡೆಯುವ ಏರ್ಪಾಡು. ಹಳೇ ಗಾಡಿ ಕೊಳ್ಳುವವರು ಇದನ್ನು ನೋಡಿಕೊಳ್ಳಿ. ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನು ಬೈಕಿಗಿಂತ ಮೊದಲೇ ಕೊಳ್ಳಿ.

ಎಲ್‌ಎಲ್ಆರ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕಿ ಮೂವತ್ತು ದಿನ ಆಗುವವರೆಗೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಅಲ್ಲಿಯವರೆಗೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವ ಹಾಗಿಲ್ಲ. ಆ ಮೂವತ್ತು ದಿನವನ್ನು ಸುಮ್ನೆ ಕಳೆಯಬೇಡಿ. ಬೆಳಗ್ಗೆ ಆರಕ್ಕೆ ಖಾಲಿ ಮೈದಾನಕ್ಕೆ ಹೋಗಿ, ಎಂಟರ ಆಕಾರದಲ್ಲಿ ಓಡಿಸಿ. ಆರ್‌ಟಿಓ ಪರೀಕ್ಷೆಯಲ್ಲೂ ಕಾಲು ಊರದೆ ಎಂಟು ಹಾಕಿಸುತ್ತಾರೆ. ಹಗುರ ಗಾಡಿಯಲ್ಲಿ ಅದು ಬೇಗ ಕೈಗೆ ಹತ್ತುತ್ತದೆ.

ನನ್ನ ತಂಗಿಯ ಮಗನೂ 350 ಬೇಕು ಅಂತ ಹಟ ಹಿಡಿದಿದ್ದ. ನಾನು ವಾದ ಮಾಡಲಿಲ್ಲ. ಪಕ್ಕದ ಮನೆಯವರ ದೊಡ್ಡ ಗಾಡಿಯನ್ನು ನಮ್ಮ ಬೀದಿಯ ಏರಿನಲ್ಲಿ ಹಿಂದಕ್ಕೆ ತಳ್ಳಿ ತಿರುಗಿಸು ಅಂದೆ. ಆಮೇಲೆ ನನ್ನ ಹಳೇ 100 ಸಿಸಿಯನ್ನು ತಿರುಗಿಸು ಅಂದೆ. ಬೆವರು ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾಮಾ, ಇದರ ಕೀ ಕೊಡು, ಇದರಲ್ಲೇ ಕಲೀತೀನಿ" ಅಂದ.

ನಮಸ್ಕಾರ.