ಟರ್ಪಿನ್‌ನನ್ನು ಹಿಡಿದುಕೊಟ್ಟ ಕಾಗದ

ಹಾಲಿವುಡ್ ನಟ ಟಾಮ್ ಮಿಕ್ಸ್ ಅಂದರೆ ಹಳೇ ಸಿನಿಮಾ ಹುಚ್ಚಿನವರಿಗೆ ತಕ್ಷಣ ನೆನಪಾಗುವುದು ದೊಡ್ಡ ಕೌಬಾಯ್ ಟೋಪಿ. ಅಂಥವನು 1925ರಲ್ಲಿ ಆ ಟೋಪಿ ಬಿಚ್ಚಿಟ್ಟು, 18ನೇ ಶತಮಾನದ ಇಂಗ್ಲೆಂಡಿನ ವೇಷ ಹಾಕಿ, 'ಡಿಕ್ ಟರ್ಪಿನ್' ಎಂಬ ಮೂಕಿ ಚಿತ್ರದಲ್ಲಿ ಅದೇ ಹೆಸರಿನ, ನಿಜವಾಗಿಯೂ ಬದುಕಿದ್ದ ದಾರಿಗಳ್ಳನಾದ. ಒಳ್ಳೆ ಮನಸ್ಸಿನ ಕಳ್ಳ, ಗೊತ್ತಲ್ಲ, ಆ ಥರ. ಕುದುರೆ ಸವಾರಿಯಲ್ಲಿ ಮಿಕ್ಸ್ ಪಳಗಿದ ಆಳು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಟರ್ಪಿನ್ ಅಂದ ಕೂಡಲೇ ಎಲ್ಲರೂ ಕುದುರೆಯ ಹಿಂದೆ ಬೀಳುತ್ತಾರಲ್ಲ, ಅದರ ಬಗ್ಗೆ.

ಬ್ಲ್ಯಾಕ್ ಬೆಸ್ ಅನ್ನುವ ಕಪ್ಪು ಕುದುರೆ, ಲಂಡನ್‌ನಿಂದ ಯಾರ್ಕ್‌ವರೆಗೆ ಸುಮಾರು 200 ಮೈಲಿ ಓಟ, ಇದೇ ತಾನೇ ಕಥೆ? ಆ ಓಟ ಅವನದಲ್ಲವೇ ಅಲ್ಲ. ಅವನು ಹುಟ್ಟುವ ಮೊದಲೇ, 1676ರಲ್ಲಿ, ನೆವಿಸನ್ ಅನ್ನುವ ಇನ್ನೊಬ್ಬ ದರೋಡೆಕೋರ ಹಾಗೆ ಓಡಿದ್ದ ಅಂತ ಪ್ರತೀತಿ; 1834ರ ಕಾದಂಬರಿಯೊಂದು ಅದನ್ನು ತಂದು ಟರ್ಪಿನ್ ತಲೆಗೆ ಕಟ್ಟಿತು. ನಿಜವಾದ ಟರ್ಪಿನ್ ಕಸುಬಿನಲ್ಲಿ ಕಟುಕ. ಗ್ಯಾಂಗ್ ಸೇರಿಕೊಂಡು ಮನೆಗಳಿಗೆ ನುಗ್ಗಿ ವಯಸ್ಸಾದವರನ್ನೂ ಹಿಂಸಿಸಿದವನು.

ಸರಿ, ಸಿನಿಮಾ ಅಂದ ಮೇಲೆ ಸುಳ್ಳು ಇರಲಿ. ಆದರೆ ನಿಜದಲ್ಲೇ ಏನೇನಿತ್ತು ನೋಡಿ. ಯಾರ್ಕ್‌ಷೈರಿನಲ್ಲಿ ಜಾನ್ ಪಾಮರ್ ಅಂತ ಹೆಸರು ಬದಲಿಸಿಕೊಂಡು ತಣ್ಣಗೆ ಇದ್ದವನು 1738ರಲ್ಲಿ ಬೀದಿಯಲ್ಲಿ ಯಾರದೋ ಹುಂಜಕ್ಕೆ ಗುಂಡು ಹೊಡೆದು ಸಿಕ್ಕಿಬಿದ್ದ. ಹುಂಜಕ್ಕೆ! ಜೈಲಿನಿಂದ ಊರಲ್ಲಿದ್ದ ಭಾವನಿಗೆ ಕಾಗದ ಬರೆದ. ಆಗ ಅಂಚೆಯ ದುಡ್ಡನ್ನು ಕಾಗದ ಬಿಡಿಸಿಕೊಳ್ಳುವವರೇ ಕೊಡಬೇಕಿತ್ತು, ಭಾವ ಬಿಲ್‌ಕುಲ್ ಆಗಲ್ಲ ಅಂದ. ಕಾಗದ ಅಂಚೆಮನೆಗೆ ವಾಪಸ್ ಹೋಯಿತು, ಅಲ್ಲಿ ಜೇಮ್ಸ್ ಸ್ಮಿತ್ ಅನ್ನುವವರ ಕಣ್ಣಿಗೆ ಬಿತ್ತು. ಯಾರು ಗೊತ್ತಾ? ಚಿಕ್ಕವನಿದ್ದಾಗ ಟರ್ಪಿನ್‌ಗೆ ಅಕ್ಷರ ತಿದ್ದಿಸಿದ ಮೇಷ್ಟ್ರು! ಕೈಬರಹ ಗುರುತು ಹಿಡಿದರು, ಯಾರ್ಕ್‌ಗೆ ಹೋಗಿ ಇವನೇ ಅಂತ ತೋರಿಸಿದರು, 200 ಪೌಂಡ್ ಬಹುಮಾನ ಜೇಬಿಗಿಳಿಸಿದರು. 1739ರ ಏಪ್ರಿಲ್ 7ರಂದು ಗಲ್ಲು. ಅದೂ ಕುದುರೆ ಕದ್ದಿದ್ದಕ್ಕೆ.

ಮೂಕಿ ಚಿತ್ರಕ್ಕೆ ಇದಕ್ಕಿಂತ ಬೇಕಾ? ಮಾತಿಲ್ಲದ ಸಿನಿಮಾದಲ್ಲಿ ಕಾಗದ ಬಂದರೆ ಪರದೆ ತುಂಬ ಅಕ್ಷರ ತೋರಿಸುತ್ತಾರೆ, ಜನ ಕೂತು ಓದುತ್ತಾರೆ. ಇಲ್ಲಿ ಓದುವುದೂ ಬೇಡ, ಮೇಷ್ಟ್ರು ಒಂದು ಅಕ್ಷರದ ಬಾಲದ ಮೇಲೆ ಬೆರಳಿಟ್ಟು ಸುಮ್ನೆ ನಿಂತರೆ ಸಾಕು. ನಾನಾಗಿದ್ದರೆ ಕುದುರೆ ಓಟವನ್ನು ಐದು ನಿಮಿಷಕ್ಕೆ ಮುಗಿಸಿ, ಆ ಕಾಗದ ಭಾವನ ಬಾಗಿಲಿಂದ ಅಂಚೆಮನೆಗೆ ವಾಪಸ್ ಹೋಗುವುದಕ್ಕೆ ಇಡೀ ಒಂದು ರೀಲು ಕೊಡುತ್ತಿದ್ದೆ.