ಬಾಂಬೆಯಲ್ಲಿ ಹುಟ್ಟಿದ ಕಾಂಗರೂ

ಈ ನಾಣ್ಯದ ಮೇಲಿರೋ ರಾಜನ ಕತ್ತಿನ ಕೆಳಗೆ ನೋಡಿ. ಇನ್ನೂ ಸ್ವಲ್ಪ ಹತ್ತಿರ ತರ್ತೀನಿ, ಫೋಕಸ್ ಆಗ್ಲಿ... ಹಾಂ, ಅಲ್ಲಿ. ಎಳ್ಳುಕಾಳಿನಷ್ಟು ಒಂದು ಗೀಟು ಕಾಣ್ತಿದೆ ಅಲ್ವಾ? ಅದು ಗೀರು ಬಿದ್ದಿರೋದಲ್ಲ. ಇಂಗ್ಲಿಷಿನ 'ಐ' ಅಕ್ಷರ. ಈ ಒಂದು ಅಕ್ಷರಕ್ಕೆ ನಾನು ನಾಲ್ಕು ವರ್ಷ ಕಾದಿದ್ದೀನಿ.

ಇದು ಆಸ್ಟ್ರೇಲಿಯಾದ ಪೆನ್ನಿ, 1943ರದ್ದು. ಮೆಲ್ಬರ್ನ್‌ನಲ್ಲಿರೋ ನನ್ನ ಚಿಕ್ಕಪ್ಪನ ಮಗಳು ಈ ಸಲ ಊರಿಗೆ ಬಂದಾಗ ಒಂದು ಬಿಸ್ಕತ್ ಡಬ್ಬಿ ತುಂಬ ಹಳೇ ಚಿಲ್ಲರೆ ತಂದ್ಲು. "ಅಣ್ಣಾ, ಭಾನುವಾರದ ಸಂತೇಲಿ ಡಬ್ಬಿ ಸಮೇತ ಕೊಟ್ರು, ಏನಿದೆಯೋ ನೀನೇ ನೋಡ್ಕೋ" ಅಂದ್ಲು. ಊಟಕ್ಕೂ ಏಳದೆ ಒಂದೊಂದನ್ನೇ ಭೂತಗನ್ನಡಿ ಕೆಳಗೆ ಇಟ್ಟೆ. ಡಬ್ಬಿಯ ತಳದ ಹತ್ತಿರ ಇದು ಸಿಕ್ತು.

ತಿರುಗಿಸಿದರೆ ಹಿಂದೆ ಜಿಗಿಯುತ್ತಿರೋ ಕಾಂಗರೂ. ಇದು ಆಸ್ಟ್ರೇಲಿಯಾದಲ್ಲಿ ತಯಾರಾಗಲೇ ಇಲ್ಲ. 'ಐ' ಅಂದ್ರೆ ಇಂಡಿಯಾ. ಎರಡನೇ ಮಹಾಯುದ್ಧದ ಕಾಲ, ಚಿಲ್ಲರೆಗೆ ಬೇಡಿಕೆ ಏರಿ ಅಲ್ಲಿನ ಟಂಕಸಾಲೆಗಳಿಗೆ ಪೂರೈಸೋಕೆ ಆಗಲಿಲ್ಲ. ಹಾಗಾಗಿ 1942, 1943ರಲ್ಲಿ ಪೆನ್ನಿ, ಅರ್ಧ ಪೆನ್ನಿಗಳನ್ನು ಬಾಂಬೆ ಟಂಕಸಾಲೆ ಹೊಡೆದುಕೊಟ್ಟಿತು. ಮೊದಲ ಮಹಾಯುದ್ಧದಲ್ಲೂ ಹೀಗೇ ಆಗಿತ್ತು: 1916ರಿಂದ 1918ರವರೆಗೆ ಆಸ್ಟ್ರೇಲಿಯಾದ ಪೆನ್ನಿ ಕಲ್ಕತ್ತಾದಲ್ಲಿ ತಯಾರಾಯ್ತು. ಮುಂಬೈನ ಫೋರ್ಟ್ ಕಡೆ ಹೋದವರು ಆ ಟಂಕಸಾಲೆ ಕಟ್ಟಡ ನೋಡಿರ್ತೀರಿ, ರಿಸರ್ವ್ ಬ್ಯಾಂಕ್ ಎದುರಿಗೇ ಇದೆ. ಅಲ್ಲಿಂದ ಹಡಗು ಹತ್ತಿ ಹೋದ ಬಿಲ್ಲೆ ಈಗ ವಿಮಾನದಲ್ಲಿ ವಾಪಸ್ ಬಂದಿದೆ.

ಈಗ ಅಂಚಿನ ಬರಹ ಓದೋಣ. ಆರನೇ ಜಾರ್ಜ್‌ನ ಬಿರುದುಗಳು, ಲ್ಯಾಟಿನ್‌ನಲ್ಲಿ. ಕೊನೆಗೆ 'ಇಂಡ್ ಇಂಪ್' ಅಂತಿದೆ, ಅಂದ್ರೆ ಭಾರತದ ಚಕ್ರವರ್ತಿ. ಅದೇ ಡಬ್ಬಿಯ 1949ರ ಪೆನ್ನಿಯನ್ನ ಪಕ್ಕದಲ್ಲಿ ಇಡ್ತೀನಿ. ಅದೇ ರಾಜ, ಅದೇ ಮುಖ. ಬರಹದಲ್ಲಿ 'ಇಂಡ್ ಇಂಪ್' ಇಲ್ಲ! ನಮಗೆ ಸ್ವಾತಂತ್ರ್ಯ ಬಂದದ್ದು ಅಷ್ಟು ದೂರದ ದೇಶದ ಪುಡಿಗಾಸಿನ ಮೇಲೂ ಗೊತ್ತಾಗುತ್ತೆ. ಇದನ್ನ ಮೊದಲ ಸಲ ಗಮನಿಸಿದಾಗ ನನಗೆ ಮೈ ಜುಂ ಅಂತು.

ಇನ್ನೊಂದು ಬಿಲ್ಲೆ ತೋರಿಸ್ತೀನಿ. ಇದು ಡಬ್ಬೀದಲ್ಲ, ನಮ್ಮ ಅಜ್ಜಿದು. ತೂತಿನ ಕಾಸು, ಇದೂ 1943. ತಾಮ್ರ ಉಳಿಸೋಕೆ ಆ ವರ್ಷದಿಂದ ನಮ್ಮ ಒಂದು ಪೈಸೆಗೆ ನಡುವೆ ತೂತು ಹಾಕಿದ್ರು. ಅದಕ್ಕೆ ಮುಂಚೆ ಅಷ್ಟೇ ಬೆಲೆಯ ಕಾಲಾಣೆ ಸುಮಾರು 5 ಗ್ರಾಂ ತೂಗ್ತಿತ್ತು. ಈ ತೂತಿನ ಕಾಸು ಸುಮಾರು 2 ಗ್ರಾಂ. ಪೆನ್ನಿಯನ್ನ ತಕ್ಕಡಿ ಮೇಲೆ ಇಡ್ತೀನಿ, ನೋಡಿ, 9.4 ಗ್ರಾಂ. ಪೆನ್ನಿಯ ಬೆಲೆ ನಮ್ಮ ಪೈಸೆಗಿಂತ ಹೆಚ್ಚು, ಒಪ್ತೀನಿ. ಆದರೂ ಅದೇ ವರ್ಷ, ಅದೇ ಬಾಂಬೆ ಟಂಕಸಾಲೆ ಕಾಂಗರೂಗೆ ತುಂಬು ಕಂಚು ಕೊಟ್ಟು ನಮ್ಮ ಪೈಸೆಯ ಹೊಟ್ಟೆ ಕೊರೀತು. ಎರಡನ್ನೂ ಅಕ್ಕಪಕ್ಕ ಅಂಗೈಲಿ ಇಟ್ಕೊಂಡ್ರೆ ಆ ವ್ಯತ್ಯಾಸ ಕೈಗೇ ತಿಳಿಯುತ್ತೆ. ಅದಕ್ಕೇ ಆಲ್ಬಮ್‌ನಲ್ಲಿ ಇವನ್ನ ದೇಶವಾರು ಬೇರೆ ಮಾಡ್ತಿಲ್ಲ, ಒಂದೇ ಪುಟದಲ್ಲಿ ಇಡ್ತಿದ್ದೀನಿ.

ಅಜ್ಜಿಯ ಕಾಸು ಇಷ್ಟು ಹೊಳೀತಿರೋದು ಯಾಕೆ ಅಂತ ನೀವು ಕೇಳಬಹುದು. ಚಿಕ್ಕವನಿದ್ದಾಗ ದೀಪಾವಳಿಗೆ ದೀಪದ ಕಂಬಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೆ. ಎಂಬತ್ತು ವರ್ಷದಲ್ಲಿ ಕೂಡಬೇಕಿದ್ದ ಆ ಕಂದು ಬಣ್ಣ ಹೋಯ್ತು, ಮತ್ತೆ ಬರಲ್ಲ. ಇವತ್ತಿಗೂ ಬೇಜಾರಾಗುತ್ತೆ. ದಯವಿಟ್ಟು ತಿಕ್ಕಬೇಡಿ. ಮಣ್ಣು ಹತ್ತಿದ್ರೆ ಬರೀ ನೀರಲ್ಲಿ ನೆನೆಸಿಟ್ಟು, ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೀರಿ, ಉಜ್ಜದೆ. ಹಿಡಿಯುವಾಗ ಅಂಚನ್ನಷ್ಟೇ ಹಿಡೀರಿ.

ಈ ತಿಂಗಳು ಬಂದದ್ದು ಇನ್ನೊಂದೇ: ಜಪಾನಿನ 5 ಯೆನ್, ಆಫೀಸಿನ ಗೆಳೆಯ ತಂದದ್ದು. ಇದಕ್ಕೂ ತೂತು. ಭತ್ತದ ತೆನೆ, ನೀರಿನ ಗೆರೆಗಳು, ತೂತಿನ ಸುತ್ತ ಯಂತ್ರದ ಹಲ್ಲುಚಕ್ರ. ನಮಗೆ ಓದೋಕೆ ಬರೋ ಅಂಕಿ ಒಂದೂ ಇಲ್ಲ, ಎಲ್ಲ ಅವರ ಲಿಪಿಯಲ್ಲೇ. 'ಗೋ ಎನ್' ಅನ್ನೋ ಉಚ್ಚಾರಣೆಗೆ ಅವರಲ್ಲಿ ನಂಟು, ಋಣಾನುಬಂಧ ಅನ್ನೋ ಅರ್ಥವೂ ಇರೋದ್ರಿಂದ ದೇವಸ್ಥಾನದ ಹುಂಡಿಗೆ ಹೆಚ್ಚಾಗಿ ಇದನ್ನೇ ಹಾಕ್ತಾರೆ.

ಈ 5 ಯೆನ್ ಬಿಲ್ಲೆ ನನ್ನ ಹತ್ತಿರ ಎರಡಿವೆ. ಬಾಂಬೆಯ ಅರ್ಧ ಪೆನ್ನಿ ಮಾತ್ರ ಇನ್ನೂ ಸಿಕ್ಕಿಲ್ಲ, ಆ ಪುಟದಲ್ಲಿ ಅದರ ಜಾಗ ಖಾಲಿ ಇದೆ. ನಿಮ್ಮಲ್ಲಿ ಯಾರ ಹತ್ತಿರವಾದ್ರೂ ಹೆಚ್ಚುವರಿ ಇದ್ರೆ ಹೇಳಿ. ಒಂದು 5 ಯೆನ್, ಜೊತೆಗೆ ಆ ಡಬ್ಬಿಯಿಂದ ನಿಮಗೆ ಬೇಕಾದ ಎರಡು ಬಿಲ್ಲೆ ಆರಿಸ್ಕೊಳ್ಳಿ.